ಬಚ್ಚಲಲ್ಲೊಂದು ಮರಳುಗಾಡು

ಕನ್ನಡಿ ಪೂರ್ತಿ ಮಬ್ಬಾಗಲು ನಾಲ್ಕು ನಿಮಿಷ ಬೇಕು, ದನಿ ಹಣ್ಣಾಗಲು ಆರು. ನಡುವಿನ ಆ ಎರಡು ನಿಮಿಷ ಗೊಗ್ಗನಿಗೆ ಮಾಡಲು ಕೆಲಸವಿರುತ್ತಿರಲಿಲ್ಲ. ಕೆಲಸವಿಲ್ಲದಿದ್ದರೆ ಅವನು ಯೋಚಿಸುತ್ತಿದ್ದ, ಯೋಚಿಸಿದರೆ ಕೆಡುತ್ತಿದ್ದ. ಬಕೆಟ್ಟಿಗೆ ಬೀಳುತ್ತಿದ್ದ ಬಿಸಿನೀರಿನ ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿ, ಸೊಂಟದ ಟವೆಲ್ಲನ್ನು ಬಿಗಿ ಮಾಡಿಕೊಂಡು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಎದುರಿಗೆ ಬೋರಲು ಹಾಕಿದ ಇನ್ನೊಂದು ಬಕೆಟ್ಟಿನ ಮೇಲೆ ವಿರಾಜಮಾನವಾಗಿದ್ದ ಲ್ಯಾಪ್‌ಟಾಪನ್ನು ಜ್ವರ ಬಂದ ಮಗುವನ್ನು ನೋಡುವಂತೆ ನೋಡಿದ. ಹೋದ ವರ್ಷ ಹೊಸ ಹಾಸಿಗೆ ಮನೆಗೆ ಬಂದಾಗ ಅದರ ಮೈಮೇಲಿದ್ದ ದಪ್ಪ ಪ್ಲಾಸ್ಟಿಕ್ಕನ್ನು ಹೆಂಡತಿ ಎಸೆಯಲು ಹೊರಟಿದ್ದಳು; ‘ಇರಲಿ ಬಿಡು, ಯಾವುದಕ್ಕಾದರೂ ಬರುತ್ತೆ’ ಎಂದಿದ್ದ. ಬಂದಿತ್ತು. ಅದರ ಹೊದಿಕೆಯೊಳಗಿನಿಂದ ಪರದೆ, ಗಾಜಿನ ತೊಟ್ಟಿಯ ಮೀನಿನ ಹಾಗೆ, ಮಿಣಮಿಣ ಎನ್ನುತ್ತಿತ್ತು. ಟವೆಲ್ ನೇತುಹಾಕುವ ಸರಳಿನಿಂದ ಮೈಕು ಜೋತಾಡುತ್ತಿತ್ತು; ಮೈಕಿನ ಮೇಲೆ ಅವನದೇ ಕಪ್ಪು ಕಾಲುಚೀಲ, ಒಗೆದದ್ದು. ತಲೆಗೆ ಹೆಡ್‌ಫೋನು, ಹೆಡ್‌ಫೋನಿನ ಮೇಲೆ ಹೆಂಡತಿಯ ಸ್ನಾನದ ಟೋಪಿ, ಟೋಪಿಯ ಮೇಲೆ ಹಳದಿ ಬಾತುಕೋಳಿಗಳ ಸಾಲು. ಈ ಅವತಾರವನ್ನು ಒಮ್ಮೆ ಪೂರ್ತಿಯಾಗಿ ನೋಡಿಕೊಂಡಾಗಿನಿಂದ, ಕನ್ನಡಿ ಮಬ್ಬಾಗುವ ತನಕ ಅವನು ಗೋಡೆಗೆ ಮುಖ ಮಾಡಿ ಕೂರುವುದನ್ನು ರೂಢಿಸಿಕೊಂಡಿದ್ದ.

ಹತ್ತೂವರೆಗೆ ಆಡಿಯೊ ಪುಸ್ತಕದ ಕಂಪನಿಯ ಯಜಮಾನರೇ ಖುದ್ದು ಕೇಳುವವರಿದ್ದರು. ಮೂರು ವರ್ಷದಿಂದ ಗೊಗ್ಗ ಮನೆಯಲ್ಲೇ ಪುಸ್ತಕ ಓದಿ, ದನಿಯನ್ನು ಫೈಲು ಮಾಡಿ ಕಳಿಸುತ್ತಿದ್ದ, ಆ ಕಡೆ ಅದನ್ನು ಕತ್ತರಿಸಿ ಜೋಡಿಸುವ ಶಬ್ದದ ಇಂಜಿನಿಯರ್ ಹುಡುಗಿ ‘ಬಂತು ಸರ್’ ಎಂದು ಒಂದು ಸಾಲು ಬರೆಯುತ್ತಿದ್ದಳು, ಅಷ್ಟೇ ಸಂಬಂಧ. ಅವನು ಇಲ್ಲಿಯವರೆಗೆ ಓದಿದ್ದು ಒಬ್ಬ ಗಣಿ ಕೆಲಸಗಾರನ ನೆನಪುಗಳು, ಜಲಾಂತರ್ಗಾಮಿಯಲ್ಲಿ ಹನ್ನೆರಡು ವರ್ಷ ಅಡುಗೆ ಮಾಡಿದವನ ದಿನಚರಿ, ಬಾವಿಯಲ್ಲಿ ಹೆಣ ಸಿಗುವ ಪತ್ತೇದಾರಿ ಕಾದಂಬರಿ, ನೆಲಮಾಳಿಗೆಯಲ್ಲಿ ಕೊಳೆಯುವ ರಾಜನ ಕಥೆ, ಆಮೇಲೆ ಮಕ್ಕಳಿಗಾಗಿ ಕಪ್ಪೆಯ ಕಥೆಗಳು, ಏಳು ಭಾಗ. ತನ್ನ ದನಿಯ ಆಳವನ್ನು ಕಂಡೇ ಇವನ್ನೆಲ್ಲ ಆರಿಸಿ ಕೊಡುತ್ತಿದ್ದಾರೆಂಬ ಗುಟ್ಟಿನ ಹೆಮ್ಮೆ ಅವನಿಗಿತ್ತು. ಈಗ ಬಂದಿದ್ದು ಬೇರೆಯದೇ ಪುಸ್ತಕ: ಮರಳುಗಾಡಿನಲ್ಲಿ ನಲವತ್ತು ವರ್ಷ ಒಂಟೆಯ ಮೇಲೆ ಕಾಗದ ಹಂಚಿದ ಅಂಚೆಯವನ ಆತ್ಮಕಥೆ, ಒಂಬೈನೂರು ಪುಟ. ಯಜಮಾನರು ಅದನ್ನು ಪ್ರಾಣಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದರಂತೆ. ಮೂವರನ್ನು ನೇರವಾಗಿ ಓದಿಸಿ ನೋಡುತ್ತಾರೆ, ಒಬ್ಬರಿಗೆ ಕೊಡುತ್ತಾರೆ, ಇಬ್ಬರದು ಆಗಿತ್ತು. ಗೊಗ್ಗನಿಗೆ ಅದು ಬೇಕಿತ್ತು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ನಿದ್ದೆಯಲ್ಲೂ ಬೇಕಿತ್ತು. ಐವತ್ತೆರಡರ ವಯಸ್ಸಿನಲ್ಲಿ ಒಂದೇ ಒಂದು ಸಲ ಆಕಾಶವಿರುವ ಪುಸ್ತಕವನ್ನು ಓದಿ ಸಾಯಬೇಕು ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಹಾಗನ್ನಿಸಿದ ದಿನದಿಂದ ಭಯವೂ ಶುರುವಾಗಿತ್ತು. ಫೈಲು ಕಳಿಸುವಾಗ ಎಡವಿದ್ದನ್ನು ಅಳಿಸಿ ಮತ್ತೆ ಓದಬಹುದು, ಹಬೆ ಆರಿದರೆ ಮತ್ತೆ ನಲ್ಲಿ ಬಿಡಬಹುದು. ನೇರ ಎಂದರೆ ನೇರ. ಅದಕ್ಕಿಂತ ದೊಡ್ಡ ಭಯವೆಂದರೆ, ಕಂಪನಿಯವರು ಮೆಚ್ಚಿದ್ದ ದನಿ ತನ್ನದಲ್ಲ, ಗೀಸರಿನದು ಎಂಬುದು.

ಏಕೆಂದರೆ ತನ್ನದು ಎಂಬ ದನಿಯನ್ನು ಅವನು ಬಲ್ಲ. ಅದು ಗೊಗ್ಗರು ದನಿ. ಹದಿಮೂರನೆಯ ವರ್ಷದಲ್ಲಿ ಒಡೆದದ್ದು ಆಮೇಲೆ ಕೂಡಿಕೊಳ್ಳಲೇ ಇಲ್ಲ. ತರಗತಿಯಲ್ಲಿ ಎದ್ದುನಿಂತು ಪದ್ಯ ಓದಿದಾಗ ಮೇಷ್ಟ್ರು ಕಿಟಕಿಯ ಕಡೆ ನೋಡಿ ‘ಯಾರಪ್ಪಾ ಅದು ಹೊರಗಡೆ ತಗಡು ಎಳೀತಿರೋದು’ ಎಂದರು. ಇಡೀ ತರಗತಿ ಕಿಟಕಿಗೆ ಓಡಿತು, ನಿಜವಾಗಿ ನೋಡಲು. ಅಂದಿನಿಂದ ಗೊಗ್ಗ. ಮದುವೆಯ ಮಾತುಕತೆಯ ದಿನ ಅವನು ಒಂದು ಗಂಟೆ ಬರೀ ತಲೆಯಾಡಿಸಿದ್ದನ್ನು ಹುಡುಗಿಯ ಮನೆಯವರು ವಿನಯವೆಂದು ತಿಳಿದರು. ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷ ಅವನ ಕೆಲಸ ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು. ಎದುರಿಗೆ ಕೂತ ಕರಡು ತಿದ್ದುವವನು ಅಚ್ಚಾದ ಹಾಳೆಯಲ್ಲಿ ಬೆರಳಿಟ್ಟು ಹಿಂಬಾಲಿಸುವುದು. ಚಿಹ್ನೆಗಳನ್ನೂ ಓದಬೇಕು. ‘ಪ್ರಿಯ ಬಂಧುಗಳೇ ಕಾಮಾ ತಮ್ಮೆಲ್ಲರ ಆಗಮನ ಕಾಮಾ ನಮಗೆ ಸಂತಸ ಫುಲ್‌ಸ್ಟಾಪ್.’ ಆ ಕೋಣೆಯಲ್ಲಿ ಯಂತ್ರಗಳ ಸದ್ದಿಗೆ ಯಾರ ದನಿಯಾದರೂ ಒಂದೇ. ಕರಡು ತಿದ್ದುವವನಿಗೆ ಒಂದು ಕಿವಿ ಮಂದ. ಗೊಗ್ಗನ ಬದುಕಿನಲ್ಲಿ ಅವನಷ್ಟು ಒಳ್ಳೆಯ ಕೇಳುಗ ಇನ್ನೊಬ್ಬನಿರಲಿಲ್ಲ. ಆಮೇಲೆ ಕರಡನ್ನು ಕಂಪ್ಯೂಟರೇ ನೋಡಿಕೊಳ್ಳತೊಡಗಿ ಇಬ್ಬರೂ ಮನೆಗೆ ಬಂದರು. ನೆಗಡಿ ಹಿಡಿದ ಒಂದು ದಿನ ಬಚ್ಚಲಲ್ಲಿ ಹಬೆ ತೆಗೆದುಕೊಳ್ಳುತ್ತ, ಬೇಸರಕ್ಕೆ, ಶ್ಯಾಂಪೂ ಬಾಟಲಿಯ ಹಿಂಬದಿಯನ್ನು ಓದಿದ. ‘ಕಣ್ಣಿಗೆ ತಾಗದಂತೆ ಎಚ್ಚರ ವಹಿಸಿ.’ ಗೋಡೆಗಳು ಆ ಮಾತನ್ನು ಎತ್ತಿ ಮುದ್ದಾಡಿ ಹಿಂದಕ್ಕೆ ಕೊಟ್ಟವು. ಅಷ್ಟು ಘನವಾಗಿ ಯಾರೂ ಯಾರಿಗೂ ಎಚ್ಚರಿಕೆ ಹೇಳಿದ್ದಿಲ್ಲ. ಅವನು ತಿರುಗಿ ನೋಡಿದ, ಯಾರಾದರೂ ಬಂದರೇ ಎಂದು.

‘ಅಳಿಯಂದಿರೇ, ಆಯ್ತಾ?’

ಅತ್ತೆ. ಬಾಗಿಲಿಗೆ ಎರಡೇ ಗೇಣು ದೂರದಿಂದ. ಅವನು ಒಂದು ಕಿವಿಯಿಂದ ಬಾತುಕೋಳಿಗಳನ್ನು ಸರಿಸಿದ. ‘ಇನ್ನೂ ಇಲ್ಲ ಅತ್ತೆ.’

‘ಒತ್ತಾಯ ಮಾಡಬೇಡಿ. ಅದಾಗಿ ಅದೇ ಬರಬೇಕು.’

‘ಸರಿ ಅತ್ತೆ.’

‘ನಂಗೇನೂ ಅವಸರ ಇಲ್ಲ. ಹದಿನೆಂಟು ದಿನ ತಡೆದಿದೀನಿ, ಇನ್ನು ಹದಿನೆಂಟು ನಿಮಿಷ ಏನು ಮಹಾ. ತಲೆ ಕೆರೆದೂ ಕೆರೆದೂ ಉಗುರು ಸವೆದಿದೆ, ಅಷ್ಟೇ.’

‘ಅಮ್ಮ, ಬಾಗಿಲಲ್ಲಿ ಕಾವಲು ನಿಂತ್ರೆ ಯಾರಿಗಾದ್ರೂ ಬರತ್ತಾ? ಈ ಕಡೆ ಬಾ’ ಎಂದಳು ಹೆಂಡತಿ, ಒಳಗಿನ ಕೋಣೆಯಿಂದ.

ಇದು ಹೇಗೆ ಶುರುವಾಯಿತೆಂದು ಗೊಗ್ಗನಿಗೆ ಈಗಲೂ ಸರಿಯಾಗಿ ಗೊತ್ತಿರಲಿಲ್ಲ. ಹೆಂಡತಿ ಬೆಳಗ್ಗೆ ಔಷಧಿ ಅಂಗಡಿಯ ಕೆಲಸಕ್ಕೆ ಹೋದರೆ ಮನೆ ಸಂಜೆಯ ತನಕ ಖಾಲಿ. ಅವನು ಪುಸ್ತಕ ಓದಿ ಕಳಿಸುತ್ತಾನೆಂದು ಅವಳಿಗೆ ಗೊತ್ತಿತ್ತು, ಎಲ್ಲಿ ಕೂತು ಎಂದು ಗೊತ್ತಿರಲಿಲ್ಲ. ಮೂರು ವರ್ಷ ಅವನ ಗುಟ್ಟಿಗೆ ಗೋಡೆಯ ಹಲ್ಲಿಯೊಂದೇ ಸಾಕ್ಷಿ. ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು, ಕಪ್ಪು ಕನ್ನಡಕ ಹಾಕಿಕೊಂಡು ಹಜಾರದ ಕುರ್ಚಿಯಲ್ಲಿ ದಿನವಿಡೀ ಕೂತ ಮೇಲೆ ತೊಂದರೆಯಾಯಿತು. ಮೊದಲ ದಿನ ಲ್ಯಾಪ್‌ಟಾಪನ್ನು ಒಗೆಯುವ ಬಟ್ಟೆಯ ಬುಟ್ಟಿಯಲ್ಲಿಟ್ಟು, ಕಕ್ಕಸೂ ಒಳಗೇ ಇದ್ದ ಬಚ್ಚಲಿಗೆ ಸಾಗಿಸಿ, ಎರಡು ಗಂಟೆಯ ನಂತರ ಕೆಂಪು ಮುಖ ಹೊತ್ತು, ಬೆವರಿಳಿಯುತ್ತ ಹೊರಬಂದಾಗ ಅತ್ತೆ ಮರುಕದಿಂದ ‘ಎಷ್ಟು ದಿನದಿಂದ ಹೀಗೆ?’ ಎಂದು ಕೇಳಿದರು. ‘ಮೂರು ವರ್ಷದಿಂದ’ ಎಂದ. ಅವನು ನಿಜವನ್ನೇ ಹೇಳಿದ್ದ. ಬಾಗಿಲಾಚೆಗೆ ಗುಂಯ್‌ಗುಟ್ಟಿ ಕೇಳಿಸಿದ ಓದನ್ನು ಅವರು ನರಳಾಟವೆಂದು ತಿಳಿದಿದ್ದರು. ಆ ರಾತ್ರಿಯ ಊಟಕ್ಕೆ ತಟ್ಟೆಯ ಪಕ್ಕದಲ್ಲಿ ನಾಲ್ಕು ಬಾಳೆಹಣ್ಣು ಬಂದವು. ಮರುದಿನ ಹೆಂಡತಿ ಅಂಗಡಿಯಿಂದ ಹೊಟ್ಟೆ ಸಡಿಲಿಸುವ ಪುಡಿಯ ಡಬ್ಬಿ ತಂದು, ಮೂರು ವರ್ಷದಿಂದ ತನಗೇಕೆ ಹೇಳಲಿಲ್ಲವೆಂದು ಕಣ್ಣಲ್ಲಿ ನೀರು ತಂದುಕೊಂಡಳು. ಆಗಲೇ ಹೇಳಿಬಿಡಬಹುದಿತ್ತು. ‘ನನ್ನ ಹೊಟ್ಟೆ ಸರಿಯಾಗಿದೆ ಕಣೇ, ಕೆಟ್ಟಿರೋದು ಗಂಟಲು, ನಾನು ನಾನಾಗೋದಕ್ಕೆ ನಂಗೆ ಒಂದು ಬಕೆಟ್ಟು ಬಿಸಿನೀರು ಬೇಕು.’ ವಾಕ್ಯವನ್ನು ಮನಸ್ಸಿನಲ್ಲಿ, ಕಾಮಾ ಸಮೇತ, ಓದಿ ನೋಡಿದ. ಅದಕ್ಕಿಂತ ಮಲಬದ್ಧತೆಯಲ್ಲಿ ಹೆಚ್ಚು ಮರ್ಯಾದೆ ಕಾಣಿಸಿತು. ಕಾಣಿಸಿದ ಮರ್ಯಾದೆಗೆ ತೆತ್ತದ್ದೇನೆಂದರೆ, ಹದಿನೆಂಟು ದಿನ ಪುಡಿ ಕುಡಿದು ಆರೋಗ್ಯವಂತ ಮನುಷ್ಯನೊಬ್ಬ ಈಗ ನಿಜಕ್ಕೂ ದಿನಕ್ಕೆ ನಾಲ್ಕು ಸಲ ಓಡಬೇಕಾಗಿತ್ತು. ಓಡಿದಾಗಲೆಲ್ಲ ಬುಟ್ಟಿಯನ್ನೂ ಹೊತ್ತೇ ಓಡಬೇಕಾಗಿತ್ತು, ಅನುಮಾನ ಬರಬಾರದಲ್ಲ. ಇವತ್ತು ಹೆಂಡತಿ ರಜೆ ಹಾಕಿದ್ದಳು. ಮಧ್ಯಾಹ್ನ ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕು. ಅದಕ್ಕೆ ಮೊದಲು ಅತ್ತೆ ತಲೆಗೆ ನೀರು ಹಾಕಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ್ದರು. ಹದಿನೆಂಟು ದಿನ ಕಾದ ಸ್ನಾನ. ಆ ಸ್ನಾನದ ನೀರಿನಲ್ಲಿ ಅರ್ಧ ಈಗ ಹಬೆಯಾಗಿ ಅವನ ಶ್ವಾಸಕೋಶದಲ್ಲಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗೊಗ್ಗ ಮುಟ್ಟಿ ನೋಡಿಕೊಂಡದ್ದು ಗಂಟಲನ್ನು. ‘ಹ್ಮ್’ ಎಂದ. ಹಣ್ಣಾಗಿತ್ತು. ನಲ್ಲಿ ನಿಲ್ಲಿಸಿದ.

‘ಸರ್, ಕೇಳಿಸ್ತಿದೆಯಾ?’ ಇಂಜಿನಿಯರ್ ಹುಡುಗಿಯ ದನಿ ಹೆಡ್‌ಫೋನಿನೊಳಗೆ. ‘ಯಜಮಾನರು ಲೈನಲ್ಲಿದಾರೆ.’

ಯಜಮಾನರು ಒಮ್ಮೆ ಕೆಮ್ಮಿ, ಇದ್ದೇನೆ ಎಂದು ಸಹಿ ಹಾಕಿದರು.

‘ಕೇಳಿಸ್ತಿದೆ’ ಎಂದ ಗೊಗ್ಗ. ಆ ಒಂದು ಪದ ರೇಶಿಮೆಯ ಥಾನಿನಂತೆ ಬಿಚ್ಚಿಕೊಂಡಿತು. ಅವನಿಗೇ ರೋಮಾಂಚನವಾಯಿತು.

‘ಕ್ಯಾಮೆರಾ ಹಾಕ್ತೀರಾ? ಯಜಮಾನರಿಗೆ ಮುಖ ನೋಡೋ ಆಸೆ.’

ಗೊಗ್ಗ ಬಾತುಕೋಳಿಗಳನ್ನು ನೆನೆದ. ‘ನೆಟ್‌ವರ್ಕು ಸಾಲಲ್ಲಮ್ಮ.’

‘ಬೇಡ ಬಿಡಿ. ಒಂದನೇ ಅಧ್ಯಾಯ, ಶುರು ಮಾಡಿ.’

ಅವನು ಶುರು ಮಾಡಿದ. ‘ಆ ದಿನ ಬೆಳಗ್ಗೆ ನನ್ನ ಅಂಚೆಚೀಲದಲ್ಲಿ ಒಂದೇ ಒಂದು ಕಾಗದವಿತ್ತು. ನೀರಿನ ಚೀಲದಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.’

ಟಪ್, ಎಂದಿತು ನಲ್ಲಿ.

‘ಮರಳಿನಲ್ಲಿ ನೀರಿನ ಸದ್ದು ಕೇಳಿದರೆ ಅದು ಸಾವಿನ ಸದ್ದು ಎಂದು ಹಿರಿಯರು ಹೇಳುತ್ತಿದ್ದರು.’

ಟಪ್.

‘ಒಂದ್ನಿಮಿಷ’ ಎಂದರು ಯಜಮಾನರು. ‘ಏನದು ಟಪ್ ಅಂತ?’

‘ಗಡಿಯಾರ ಸರ್.’

‘ಗಡಿಯಾರ ಟಿಕ್ ಅನ್ನತ್ತಲ್ಲ?’

‘ಹಳೇದು ಸರ್.’

ಗೊಗ್ಗ ಎಡಗಾಲನ್ನು ಚಾಚಿ ಹೆಬ್ಬೆರಳನ್ನು ನಲ್ಲಿಯ ಬಾಯಿಗೆ ಕೊಟ್ಟ. ಸದ್ದು ನಿಂತಿತು. ಇನ್ನು ಪ್ರತಿಯೊಂದು ಹನಿಯೂ, ಸದ್ದಿಲ್ಲದೆ, ಕುದಿಯುತ್ತ, ಉಗುರಿನ ಬುಡದಲ್ಲಿ ಬಂದು ಕೂರತೊಡಗಿತು. ಅವನು ಓದಿದ. ಒಂಟೆ ಹರದಾರಿಗಟ್ಟಲೆ ನಡೆದು ದಣಿದಿತ್ತು, ಸೂರ್ಯ ನೆತ್ತಿಯ ಮೇಲೆ ನಿಂತಿದ್ದ, ಗಾಳಿ ಇರಲಿಲ್ಲ. ಪ್ರತಿ ಎರಡನೆಯ ಪದಕ್ಕೆ ಅವನ ದನಿ ಒಂದು ಕೂದಲೆಳೆಯಷ್ಟು ನಡುಗಿತು, ಅದು ಹೆಬ್ಬೆರಳಿನ ನಡುಕ. ‘ಭಾವ ಇದೆ’ ಎಂದು ಯಜಮಾನರು ಇಂಜಿನಿಯರಿಗೆ ಮೆಲ್ಲಗೆ ಹೇಳಿದ್ದು ಅವನಿಗೂ ಕೇಳಿಸಿತು. ಇದೇ, ಇದೇ ಎಂದುಕೊಂಡ ಗೊಗ್ಗ. ಆಕಾಶ ತೆರೆದುಕೊಳ್ಳುತ್ತಿದೆ. ಮೂರು ಅಡಿಗೆ ಐದು ಅಡಿಯ ಈ ಬಚ್ಚಲಿನ ತಾರಸಿ ಹಾರಿಹೋಗಿ, ಮಬ್ಬಿನ ಆಚೆ, ಒಂಟೆ ಕಾಣಿಸುತ್ತಿದೆ. ಅದೇ ಹೊತ್ತಿಗೆ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿಗಳು ಕೂಡಿಕೊಂಡು, ಒಂದು ಇನ್ನೊಂದನ್ನು ನುಂಗಿ ದೊಡ್ಡದಾಗಿ, ಕೀಲಿಮಣೆಯ ಕಡೆ ಸಾಲುಗಟ್ಟಿ ಇಳಿಯುತ್ತಿದ್ದುದನ್ನೂ ಅವನು ಕಂಡ. ಹಬೆ ಹೊರಗಿನಿಂದ ಬರುತ್ತದೆಂದು ಹೊದಿಕೆ ಹೊದಿಸಿದ್ದ. ಹೊದಿಸುವಾಗಲೇ ಒಳಗೆ ಸೇರಿಕೊಂಡದ್ದನ್ನು ಅದು ಅಷ್ಟೇ ನಿಷ್ಠೆಯಿಂದ ಕಾಪಾಡಿತ್ತು.

‘ಒಂಟೆ ಮೊದಲು ಮುಂಗಾಲು ಮಡಿಸಿತು. ಆಮೇಲೆ ಹಿಂಗಾಲು. ಆಮೇಲೆ ಕುತ್ತಿಗೆಯನ್ನು ಉದ್ದಕ್ಕೆ ಮರಳಿನ ಮೇಲೆ ಚಾಚಿ, ನನ್ನ ಕಡೆ ತಿರುಗಿ’ — ಅಷ್ಟರಲ್ಲಿ ಪರದೆಯ ಪುಟ ತಾನಾಗಿ ತಿರುಗಿತು, ಒಂದಲ್ಲ, ಇಸ್ಪೀಟೆಲೆಯಂತೆ ಮುನ್ನೂರು. ಇಪ್ಪತ್ತು ವರ್ಷ ಕಣ್ಣಿಗೆ ಬಿದ್ದದ್ದನ್ನು ಯೋಚಿಸದೆ ಓದಿದ ನಾಲಿಗೆ ನಿಲ್ಲಲಿಲ್ಲ — ‘ಮೂರು ಗಂಡುಮಕ್ಕಳನ್ನೂ ಒಂದು ಹೆಣ್ಣನ್ನೂ ಹೆತ್ತು, ಮನೆತನಕ್ಕೆ ಕೀರ್ತಿ ತಂದಳು.’

‘ಯಾರು?’ ಎಂದರು ಯಜಮಾನರು. ‘ಒಂಟೆನಾ?’

ಗೊಗ್ಗನ ಬೆನ್ನಿನಲ್ಲಿ ಬೆವರೋ ಹಬೆಯೋ ಇಳಿಯಿತು. ಪುಟ ಹಿಂದಕ್ಕೆ ಹೋಗಲು ಕೀಲಿ ಒತ್ತಿದ. ಅದು ಇನ್ನೂ ಮುಂದಕ್ಕೆ ಹೋಯಿತು. ಹೆದರಿದಾಗ ಮನುಷ್ಯ ಹಳೆಯ ಮನೆಗೆ ಓಡುತ್ತಾನೆ. ಗೊಗ್ಗ ಮುದ್ರಣಾಲಯಕ್ಕೆ ಓಡಿದ. ‘ಅವಳ ತಾಳ್ಮೆ ಕಾಮಾ ಅವಳ ಕೈಗುಣ ಕಾಮಾ ಅವಳು ಹೊಲಿದುಕೊಟ್ಟ ಅಂಚೆಚೀಲ ಫುಲ್‌ಸ್ಟಾಪ್ ಹೊಸ ಪ್ಯಾರಾ.’ ಅಷ್ಟಕ್ಕೆ ಲ್ಯಾಪ್‌ಟಾಪು, ಬಹಳ ದಿನ ಕಾಯಿಲೆ ಮಲಗಿದವರು ಬಿಡುಗಡೆಯಾದಂತೆ, ಒಂದು ಉದ್ದನೆಯ ಉಸಿರು ಬಿಟ್ಟು ಕಪ್ಪಾಯಿತು.

ಬಾಗಿಲ ಹಿಂದೆ ನೇತುಹಾಕಿದ್ದ ಪ್ಯಾಂಟಿನ ಜೇಬಿನಲ್ಲಿ ಫೋನು ಮೊಳಗಿತು. ಗೊಗ್ಗ ಒಂಟಿಕಾಲಲ್ಲಿ ಕುಂಟಿ ಅದನ್ನು ತೆಗೆದ. ಇಂಜಿನಿಯರ್.

‘ಸರ್, ಕಟ್ ಆಯ್ತು.’

‘ಕರೆಂಟು ಹೋಯ್ತಮ್ಮ. ಇಡೀ ಬೀದಿಗೆ ಇಲ್ಲ.’

‘ಅಳಿಯಂದಿರೇ!’ ಬಾಗಿಲ ಮೇಲೆ ಮೂರು ಬಡಿತ. ‘ಗೀಸರಿನ ಸ್ವಿಚ್ಚಿನ ಕೆಂಪು ದೀಪ ಇನ್ನೂ ಉರೀತಾ ಇದೆ. ಆರಿಸ್ಲೋ, ನಿಮಗೆ ಇನ್ನೂ ಬೇಕೋ?’

ಗೊಗ್ಗ ಕಣ್ಣು ಮುಚ್ಚಿದ. ಭೂಮಿ ಬಾಯ್ಬಿಡಬೇಕಾದ ಹೊತ್ತಿನಲ್ಲಿ ಅದಕ್ಕೆ ಟೈಲ್ಸ್ ಹಾಕಿಸಿರುತ್ತೇವೆ.

‘ಸರ್’ ಎಂದಳು ಅವಳು, ಬೈಯುವ ದನಿಯಲ್ಲ, ಬಸ್ಸಿನ ನಂಬರು ಹೇಳುವ ದನಿ. ‘ಒಂದು ಮಾತು ಕೇಳ್ತೀರಾ? ಬಚ್ಚಲಿಂದ ಆಚೆ ಬಂದು ಓದಿ.’

‘ಬಚ್ಚಲು... ನಿಂಗೆ ಯಾರು...’

‘ಮೊದಲನೇ ಫೈಲಿಂದ ಗೊತ್ತು ಸರ್. ನಾಲ್ಕೂ ಕಡೆ ಟೈಲ್ಸು, ಒಂದು ಪ್ಲಾಸ್ಟಿಕ್ ಬಾಗಿಲು, ಮೂಲೇಲಿ ನೀರು. ಎರಡನೇ ಕಪ್ಪೆ ಪುಸ್ತಕದಲ್ಲಿ ಯಾರೋ ಫ್ಲಶ್ ಮಾಡಿದಾರೆ, ಮೇಲಿನ ಮನೆಯವರಿರಬೇಕು. ನಾನು ತೆಗೀಲಿಲ್ಲ, ಕಪ್ಪೆ ಕೊಳಕ್ಕೆ ಹಾರೋ ಜಾಗಕ್ಕೆ ಸರಿಯಾಗಿ ಕೂತಿತ್ತು.’

‘ಮತ್ತೆ ಯಾಕೆ ಹೇಳಲಿಲ್ಲ?’

‘ಯಾಕೆ ಹೇಳ್ಬೇಕು? ಜಲಾಂತರ್ಗಾಮಿ ಬಂತು, ನಿಮಗೆ ಕೊಟ್ವಿ. ಗಣಿ ಬಂತು, ನಿಮಗೆ ಕೊಟ್ವಿ. ಬಾವಿ, ನೆಲಮಾಳಿಗೆ. ನಾವು ಸದ್ದು ತಯಾರು ಮಾಡೋ ಕೆಲಸವೇ ಇರ್ತಿರಲಿಲ್ಲ. ಆಫೀಸಲ್ಲಿ ನಿಮ್ಮ ಫೋಲ್ಡರ್ ಹೆಸರೇ ಬಚ್ಚಲು.’

ಮೂರು ವರ್ಷದ ಆಳ, ಬಕೆಟ್ಟಿನ ನೀರಿನಷ್ಟೇ, ಬುಡ ಕಾಣುವಂತೆ ಗೊಗ್ಗನ ಮುಂದೆ ನಿಂತಿತು. ಕತ್ತಲ ರಾಜ, ಮುಳುಗಿದ ಅಡುಗೆಯವ, ಬಾವಿಯ ಹೆಣ, ಏಳು ಭಾಗದ ಕಪ್ಪೆ: ಎಲ್ಲರೂ ಸಾಲಾಗಿ ಅವನ ಸ್ಟೂಲಿನ ಸುತ್ತ ಬಂದು ನಿಂತು, ನಮ್ಮ ಜೊತೆ ನಿನ್ನನ್ನು ಹಾಕಿದ್ದು ಮರ್ಯಾದೆಗಲ್ಲವಪ್ಪ, ಜಾಗ ಒಂದೇ ಅಂತ, ಎಂದು ಹೇಳಿದಂತಾಯಿತು. ಅವನಿಗೆ ಅಳು ಬರಬೇಕಾಗಿತ್ತು, ಬಂದದ್ದು ಸೀನು.

‘ಸರ್, ಬೇಗ. ಯಜಮಾನರು ಚಹಾ ತರಿಸಿಕೊಂಡಿದಾರೆ, ಐದು ನಿಮಿಷ ಸಿಕ್ಕಿದೆ. ಉಳಿದ ಇಬ್ಬರೂ ಮರಳುಗಾಡಿಗೆ ಮದುವೆ ಊಟಕ್ಕೆ ಹೋದ ಹಾಗೆ ಓದಿದಾರೆ. ಒಣ ಜಾಗದಲ್ಲಿ ಕೂತು, ಫೋನಲ್ಲೇ ಓದಿ. ನೋಡೋಣ.’

‘ಆಚೆ ಬಂದ್ರೆ’ ಎಂದ ಗೊಗ್ಗ, ಮತ್ತು ಹೆಂಡತಿಗೆ ಹೇಳದ್ದನ್ನು, ಮಂದಕಿವಿಯ ಗೆಳೆಯನಿಗೂ ಹೇಳದ್ದನ್ನು, ಮುಖ ನೋಡದ ಒಬ್ಬ ಹುಡುಗಿಗೆ ಹೇಳಿದ: ‘ಆಚೆ ಬಂದ್ರೆ ಆ ದನಿ ಬರಲ್ಲಮ್ಮ. ನಂದು ಬೇರೆ. ಅದನ್ನ ಕೇಳಕ್ಕಾಗಲ್ಲ.’

‘ಯಜಮಾನರ ಬಿಸ್ಕತ್ತು ಮುಗೀತಾ ಬಂತು ಸರ್.’

ಗೊಗ್ಗ ಚಿಲಕ ತೆಗೆದ. ಹಬೆ ಅವನಿಗಿಂತ ಮೊದಲು ಹೊರಗೆ ಹೋಯಿತು, ಅದರ ಹಿಂದೆ ಸೊಂಟದಲ್ಲಿ ಟವೆಲ್, ತಲೆಯಲ್ಲಿ ಬಾತುಕೋಳಿ, ಒಂದು ಕೈಯಲ್ಲಿ ಫೋನು, ಕಂಕುಳಲ್ಲಿ ಹನಿ ಸೋರುವ ಪ್ಲಾಸ್ಟಿಕ್ಕಿನ ಗಂಟು, ಕೆಂಪಗೆ ಊದಿದ ಹೆಬ್ಬೆರಳನ್ನು ನೆಲಕ್ಕೆ ತಾಗಿಸದೆ ಅವನು. ಹಜಾರದಲ್ಲಿ ಹೆಂಡತಿ ಅಮ್ಮನ ಸೀಗೆಪುಡಿಯ ಬಟ್ಟಲು ಹಿಡಿದು ನಿಂತಿದ್ದಳು. ಅವಳು ಗಂಟನ್ನು ನೋಡಿದಳು, ಟೋಪಿಯನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು.

‘ರೀ, ಹೊಟ್ಟೆ ಕೆಟ್ಟಿರೋರಿಗೆ ಲ್ಯಾಪ್‌ಟಾಪ್ ಯಾಕ್ರೀ?’

‘ಹೊಟ್ಟೆ ಕೆಟ್ಟಿಲ್ಲ ಕಣೇ. ಯಾವತ್ತೂ ಕೆಟ್ಟಿರಲಿಲ್ಲ.’

‘ಮತ್ತೆ ಆ ಪುಡಿ?’

‘ಕುಡಿದೆ.’

‘ಯಾಕೆ?’

‘ನೀನು ಅಷ್ಟು ಪ್ರೀತಿಯಿಂದ ತಂದಿದ್ದೆ.’

ಅತ್ತೆ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಅಳಿಯನ ಕಡೆಗೆ ಹೊಸ ಕಣ್ಣನ್ನು ಕಿರಿದು ಮಾಡಿದರು. ‘ಏನೋ ಹಳದಿ ಹಳದಿಯಾಗಿ ಕಾಣ್ತಿದೆ. ನನ್ನ ಕಣ್ಣೇನಾ?’

‘ಅಲ್ಲ ಅತ್ತೆ. ಬಾತುಕೋಳಿ.’

‘ಓ’ ಎಂದರು ಅತ್ತೆ, ಡಾಕ್ಟರ ಬಗ್ಗೆ ಸಮಾಧಾನಗೊಂಡು.

ಮಲಗುವ ಕೋಣೆಯ ಮೇಜಿನ ಮೇಲೆ ಮೊದಲ ಅಧ್ಯಾಯದ ಹಾಳೆಗಳಿದ್ದವು. ಪರದೆಯ ಮೇಲೆ ಓದಿದ್ದು ಓದಿದಂತಲ್ಲ ಎಂಬುದು ಮುದ್ರಣಾಲಯದವರ ನಂಬಿಕೆ. ಅವನು ಕಾಗದಕ್ಕೆ ಇಳಿಸಿಕೊಂಡು, ಉಸಿರಿನ ಜಾಗದಲ್ಲೆಲ್ಲ ಪೆನ್ಸಿಲ್ಲಿನ ಗೆರೆ ಎಳೆದು ಅಭ್ಯಾಸ ಮಾಡಿದ್ದ. ಅವನ್ನು ತಂದು ಹಜಾರದ ಕುರ್ಚಿಯಲ್ಲಿ ಕೂತ. ಫೋನನ್ನು ಬಾಳೆಹಣ್ಣಿನ ತಟ್ಟೆಗೆ ಒರಗಿಸಿ ನಿಲ್ಲಿಸಿದ. ಫ್ಯಾನು ತಿರುಗುತ್ತಿತ್ತು, ಕಿಟಕಿ ತೆರೆದಿತ್ತು, ಗಂಟಲು ಎಣಿಸಿದ ಹಾಗೆ ಆರತೊಡಗಿತು. ಹೆಂಡತಿ ಬಟ್ಟಲು ಹಿಡಿದೇ ನಿಂತಿದ್ದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳ ಮುಂದೆ ಅವನು ಒಮ್ಮೆಯೂ ಒಂದು ಪುಟ ಗಟ್ಟಿಯಾಗಿ ಓದಿರಲಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು. ಬಚ್ಚಲಲ್ಲಿ ಅರೆಬೆತ್ತಲೆ ಕೂತಾಗ ಆಗದ ನಾಚಿಕೆ ಇಲ್ಲಿ ಆಯಿತು.

‘ಆ ದಿನ ಬೆಳಗ್ಗೆ ನನ್ನ ಅಂಚೆಚೀಲದಲ್ಲಿ ಒಂದೇ ಒಂದು ಕಾಗದವಿತ್ತು.’

ತಗಡು. ತಗಡನ್ನು ಕಲ್ಲಿನ ಮೇಲೆ ಎಳೆದ ಸದ್ದು. ಗೋಡೆಗಳು ಅದನ್ನು ಎತ್ತಿಕೊಳ್ಳಲಿಲ್ಲ, ಬಿದ್ದಲ್ಲೇ ಬಿಟ್ಟವು. ಅವನು ಮುಂದುವರಿಸಿದ, ಏಕೆಂದರೆ ಓದುವುದನ್ನು ನಡುವೆ ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ. ನೀರಿನ ಚೀಲ, ಸತ್ತ ಗಾಳಿ, ನೆತ್ತಿಯ ಸೂರ್ಯ. ‘ದಾಹ’ ಎಂಬ ಪದದ ನಡುವೆ ಗಂಟಲು ಸಿಕ್ಕಿಕೊಂಡು ‘ದಾ’ ಒಂದು ಕಡೆ ‘ಹ’ ಒಂದು ಕಡೆ ಬಿದ್ದವು. ಅವನು ಗುಟುಕು ನುಂಗಿದ; ನುಂಗಿದ್ದೂ ಕೇಳಿಸಿತು. ಒಂಟೆ ಮುಂಗಾಲು ಮಡಿಸಿತು, ಹಿಂಗಾಲು ಮಡಿಸಿತು, ಕುತ್ತಿಗೆ ಚಾಚಿ ಅಂಚೆಯವನ ಕಡೆ ತಿರುಗಿ, ಈ ಸಲ ಯಾರನ್ನೂ ಹೆರದೆ, ಸುಮ್ಮನೆ ನೋಡಿತು. ಎರಡು ದಿನ ಅಂಚೆಯವನು ಒಂಟೆಯ ನೆರಳಿನಲ್ಲಿ ಕೂತ. ಮೂರನೆಯ ದಿನ ಅವನಿಗೆ, ಚೀಲದಲ್ಲಿರುವ ಒಂದೇ ಒಂದು ಕಾಗದದಲ್ಲಿ ಏನಿರಬಹುದು ಎಂಬ ಯೋಚನೆ ಬಂತು. ಸಾಯುವ ಮೊದಲು ಒಂದು ಮಾತು ಓದಿ ಸಾಯಬಹುದಲ್ಲ. ಆದರೆ ಅದು ತನ್ನ ಮಾತಲ್ಲ, ಇನ್ನೊಬ್ಬರದು. ಲಕೋಟೆಯನ್ನು ಬಿಸಿಲಿಗೆ ಹಿಡಿದ. ಹೆಬ್ಬೆರಳನ್ನು ಅಂಟಿನ ಕೆಳಗೆ ಇಟ್ಟ. ಎಷ್ಟು ಹೊತ್ತಿನಿಂದ ತನ್ನ ದನಿಯ ಕಡೆ ಕಿವಿ ಕೊಟ್ಟಿಲ್ಲ ಎಂದು ಗೊಗ್ಗನಿಗೆ ತಿಳಿಯಲಿಲ್ಲ. ಪುಟ ತಿರುಗಿಸಲು ತಲೆ ಎತ್ತಿದಾಗ ಕಂಡಿತು: ಬಾಳೆಹಣ್ಣಿಗೆ ಒರಗಿದ್ದ ಫೋನಿನ ಮುಖ ಕಪ್ಪಾಗಿತ್ತು. ಎತ್ತಿ ಒತ್ತಿದ, ಅಲ್ಲಾಡಿಸಿದ. ಚಾರ್ಜಿನ ತೂತಿನಿಂದ ಒಂದು ಹನಿ ನೀರು ಅವನ ಅಂಗೈಗೆ ಇಳಿಯಿತು. ಮೂರು ವರ್ಷದ ಹಬೆ ಪ್ಯಾಂಟಿನ ಜೇಬನ್ನೂ ಬಿಟ್ಟಿರಲಿಲ್ಲ. ಯಾವ ಸಾಲಿನಲ್ಲಿ ಕಡಿದುಹೋಯಿತೋ. ಆ ಕಡೆ ಯಜಮಾನರು ಕಪ್ಪು ಕೆಳಗಿಟ್ಟು, ಮೂರನೆಯವನಿಗೊಂದು ಗೆರೆ ಹೊಡೆದು, ಎದ್ದುಹೋಗಿರಬೇಕು. ಸರಿ, ಎಂದುಕೊಂಡ. ಹಾಳೆಗಳನ್ನು ಸರಿ ಮಾಡಿ ಮಡಿಸಹೊರಟ.

‘ಯಾಕೆ ನಿಲ್ಲಿಸಿದ್ರಿ?’ ಎಂದರು ಅತ್ತೆ. ಅವರು ಯಾವಾಗಲೋ ಎದುರಿನ ಕುರ್ಚಿಯಲ್ಲಿ ಕೂತಿದ್ದರು, ಟವೆಲ್ ಹೆಗಲಿಗೆ ಹಾಕಿಕೊಂಡು, ಕೂದಲು ಬಿಚ್ಚಿಕೊಂಡು. ಕೆರೆದುಕೊಳ್ಳಲು ತಲೆಗೆ ಏರಿಸಿದ ಕೈ ಅಲ್ಲೇ ನಿಂತಿತ್ತು. ‘ಒಡೆದನಾ ಇಲ್ವಾ?’

‘ಫೋನು ಕೆಟ್ಟಿದೆ ಅತ್ತೆ. ಆ ಕಡೆ ಯಾರೂ ಇಲ್ಲ.’

‘ಈ ಕಡೆ ನಾನು ಸತ್ತಿದೀನಾ?’

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗೆ ಅವಳ ಫೋನು ಮೊಳಗಿತು; ಕಂಪನಿಗೆ ಇನ್ನೊಂದು ನಂಬರೆಂದು ಗೊಗ್ಗ ಕೊಟ್ಟಿದ್ದು ಅದನ್ನೇ. ಹೋಗಿ ತಂದಳು, ಕಿವಿಗಿಟ್ಟುಕೊಂಡಳು. ‘ಹೌದು, ಅವರ ಮನೆಯವರೇ... ಇದಾರೆ... ಇಲ್ಲಮ್ಮ, ಚೆನ್ನಾಗಿದಾರೆ, ಹೊಟ್ಟೆ ಕೂಡ ಚೆನ್ನಾಗಿದೆಯಂತೆ’ ಎಂದು, ಗಂಡನನ್ನು ಓರೆಗಣ್ಣಿನಿಂದ ನೋಡುತ್ತ, ಫೋನು ಅವನ ಕೈಗೆ ಕೊಟ್ಟಳು.

‘ಸರ್’ ಎಂದಳು ಇಂಜಿನಿಯರ್. ಮೊದಲ ಬಾರಿ ಅವಳ ದನಿ ಬಸ್ಸಿನ ನಂಬರಿನ ದನಿಯಾಗಿರಲಿಲ್ಲ. ‘ಹೆಬ್ಬೆರಳು ಅಂಟಿನ ಕೆಳಗೆ ಇಟ್ಟ ಅನ್ನೋ ಕಡೆ ಕಟ್ ಆಯ್ತು. ಮುಂದೆ?’

‘ಯಜಮಾನರು ಎದ್ದು ಹೋದ್ರಾ?’

‘ಎಲ್ಲಿಗೆ? ಇಲ್ಲೇ ನೀರು ಕುಡೀತಿದಾರೆ. ನೀವು ಓದೋಕೆ ಶುರು ಮಾಡಿದಾಗಿಂದ ಮೂರನೇ ಲೋಟ. ಪುಸ್ತಕ ಅವರಿಗೆ ಬಾಯಿಪಾಠ, ಆದ್ರೂ ಕೇಳ್ತಿದಾರೆ, ಒಡೆದನಾ ಅಂತ.’

ಆ ಕಡೆ ಯಜಮಾನರ ಕೆಮ್ಮು ಕೇಳಿಸಿತು, ಸಹಿಯ ಕೆಮ್ಮಲ್ಲ, ಒಣ ಗಂಟಲಿನದು. ಗೊಗ್ಗ ಹಾಳೆಗಳನ್ನು ಮತ್ತೆ ಬಿಚ್ಚಿದ. ಪೆನ್ಸಿಲ್ಲಿನ ಗೆರೆ ಸಿಕ್ಕಿತು, ಉಸಿರು ಎಳೆದುಕೊಂಡ, ಬಾಯಿ ತೆರೆದ.

‘ತಡೀರಿ’ ಎಂದು ಅತ್ತೆ ಎದ್ದರು. ಮಗಳ ಕೈಯಿಂದ ಸೀಗೆಪುಡಿಯ ಬಟ್ಟಲನ್ನು ಮನೆಯ ಯಜಮಾನಿಯಂತೆ ಕಸಿದುಕೊಂಡು, ಬಚ್ಚಲಿನ ಕಡೆ ಗೋಡೆ ಹಿಡಿದು ನಡೆದರು. ‘ಇದ್ದಬದ್ದ ನೀರೂ ಆರಿಹೋಗತ್ತೆ. ಎರಡು ತಂಬಿಗೆ ತಲೆಗೆ ಹಾಕ್ಕೊಂಡು ಬಂದುಬಿಡ್ತೀನಿ. ನಾನು ಬರೋವರೆಗೂ ಯಾರೂ ಆ ಕಾಗದ ಒಡೀಕೂಡದು. ಒಂಟೆಗೂ ಹೇಳಿ, ಅವಸರ ಮಾಡೋದು ಬೇಡ.’

ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಗೊಗ್ಗ ಒಂದು ಗಳಿಗೆ ಬಾಗಿಲನ್ನು ನೋಡಿದ, ಒಂದು ಗಳಿಗೆ ಹಾಳೆಯನ್ನು ನೋಡಿದ, ಆಮೇಲೆ ಫೋನನ್ನು ಬಾಯಿಗೆ ಹತ್ತಿರ ತಂದ.

‘ಹತ್ತು ನಿಮಿಷ ಕಾಯಕ್ಕೆ ಹೇಳಮ್ಮ ಯಜಮಾನರಿಗೆ’ ಎಂದ, ಗೊಗ್ಗರು ದನಿಯಲ್ಲಿ. ‘ನಮ್ಮತ್ತೆ ಬಚ್ಚಲಲ್ಲಿದಾರೆ.’